ಪಾಲಿಗೆ ಒಗ್ಗದ ಏಳು

ಧಾರವಾಡ ಜಿಲ್ಲೆಯ ಎರೆಹೊಲದ ಊರುಗಳಲ್ಲಿ ಬೆಳೆದವರಿಗೆ ಅಳತೆ ಎಂದರೆ ಪಾಲು. ಅಜ್ಜಂದಿರ ಕಾಲದ ರೂಪಾಯಿಗೆ 16 ಆಣೆ. ಅದರೊಳಗೆ ಎಂಟಾಣೆ, ನಾಕಾಣೆ, ಎರಡಾಣೆ. ಸೇರಿಗೆ ಅರಸೇರು, ಪಾವಸೇರು, ಚಟಾಕು. ಎಕರೆಗೆ 40 ಗುಂಟೆ, ಅರ್ಧಕ್ಕೆ 20, ಕಾಲಿಗೆ 10. ಹೊಲವನ್ನು ಪಾಲಿಗೆ ಹಾಕಿದ್ದರೆ ಕಣದ ರಾಶಿ ಎರಡಾಗುತ್ತದೆ. ಅಣ್ಣತಮ್ಮಂದಿರು ಬೇರೆಯಾದರೆ ಎರಡೋ ಮೂರೋ ನಾಲ್ಕೋ ಆಗುತ್ತದೆ. ಹೊಲದ, ಸಂತೆಯ, ಅಡುಗೆಮನೆಯ ಸಂಖ್ಯೆಗಳೆಲ್ಲ ಹೀಗೆ ಮುರಿದರೆ ಸಮವಾಗಿ ಮುರಿಯುವಂಥವು. ಇವುಗಳ ನಡುವೆ ಏಳನ್ನು ಹುಡುಕಿದರೆ ಸಿಗುವುದಿಲ್ಲ. ಏಳಾಣೆಯ ನಾಣ್ಯ ಯಾರ ಕಿಸೆಯಲ್ಲೂ ಇರಲಿಲ್ಲ. ಸೇರನ್ನು ಏಳು ಪಾಲು ಮಾಡುವ ಅಳತೆ ಯಾವ ಮನೆಯ ಮಾಡದಲ್ಲೂ ಇರಲಿಲ್ಲ.

ಅದೇ ಜನ ಹೊಲದಿಂದ ಗುಡಿಯ ಕಡೆಗೆ, ಗುಡಿಯಿಂದ ಕಥೆಯ ಕಡೆಗೆ ತಿರುಗಿದ ಕೂಡಲೇ ಬಾಯಿಗೆ ಏಳು ಬರುತ್ತದೆ. ಸವದತ್ತಿಯ ದೇವಿ ಏಳು ಕೊಳ್ಳದ ಯಲ್ಲಮ್ಮ. ಕಥೆಯ ರಾಜನಿಗೆ ಏಳು ಮಂದಿ ಮಕ್ಕಳು, ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯಲ್ಲಿ. ಸಿಟ್ಟಿಗೆದ್ದವರು ಹಾಕುವ ಶಾಪ ಏಳು ತಲೆಮಾರಿಗೆ, ಕೂಡಿ ಬಾಳಿದವರು ಬೇಡುವುದು ಏಳು ಜನ್ಮಕ್ಕೆ. ಬಸುರಿ ಮಗಳಿಗೆ ಐದಕ್ಕೋ ಏಳಕ್ಕೋ ಕುಬಸ. ಹುಡುಗರು ಲಗೋರಿಗೆ ಪೇರಿಸುವುದು ಏಳು ಕಲ್ಲು. ಹೆಂಗಸರು ಹುಣಸೆಬೀಜ ಹಾಕಿ ಆಡುವ ಅಳಗುಳಿಮಣೆಯ ಒಂದೊಂದು ಸಾಲಿಗೆ ಏಳು ಗುಳಿ. ಶ್ರಾವಣದಲ್ಲಿ ಊರಿನ ಭಜನಾ ಮೇಳ ಹಗಲು ರಾತ್ರಿ ಎಡೆಬಿಡದೆ ನಡೆಸುವುದು ಸಪ್ತಾಹ. ದುಡಿಮೆಗೆ ಬಾರದ ಒಂದು ಸಂಖ್ಯೆ ಬದುಕಿನ ಉಳಿದ ಕಡೆಯೆಲ್ಲ ಇಷ್ಟು ಗಟ್ಟಿಯಾಗಿ ಯಾಕೆ ನೆಲೆಯೂರಿತು? ಬಹಳ ಕಾಲದಿಂದ ನನ್ನನ್ನು ಕಾಡಿದ ಪ್ರಶ್ನೆ ಇದು. ಉತ್ತರ ಆ ವ್ಯತ್ಯಾಸದಲ್ಲೇ ಇದೆ ಎಂದು ಈಚೆಗೆ ಅನಿಸತೊಡಗಿದೆ: ಹಂಚಲು ಬಾರದ ಕಾರಣಕ್ಕೇ ಏಳು ದೇವರ ಪಾಲಿಗೆ ಉಳಿಯಿತು.

ಯಲ್ಲಮ್ಮನ ಗುಡ್ಡ ಬೆಳಗಾವಿ ಜಿಲ್ಲೆಗೆ ಸೇರಿದ್ದು. ಆದರೆ ನವಲಗುಂದ ಸೀಮೆಯ ಒಕ್ಕಲು ಮಂದಿಗೆ ಅದು ಹೊರಗಿನ ಜಾಗವಲ್ಲ. ಭಾರತ ಹುಣ್ಣಿಮೆ ಹತ್ತಿರ ಬಂದಂತೆ ಕೊಲ್ಲಾರಿ ಬಂಡಿಗಳು ಸಾಲುಗಟ್ಟಿ ಹೊರಡುತ್ತಿದ್ದವು. ಜೋಗುಳಬಾವಿಯಲ್ಲಿ ಮಿಂದು, ಬೇವಿನ ಸೊಪ್ಪು ಹಿಡಿದು, ‘ಉಧೋ ಉಧೋ’ ಎನ್ನುತ್ತ ಗುಡ್ಡ ಹತ್ತುವುದು. ಚಿಕ್ಕವನಿದ್ದಾಗ ಆ ಏರಿನಲ್ಲಿ ಅಜ್ಜಿಯನ್ನು ಕೇಳಿದ್ದೆ: “ಏಳು ಕೊಳ್ಳ ಅಂತೀರಲ್ಲ, ಅವು ಯಾವ್ಯಾವು ಬೇ?” ಆಕೆ ನಿಲ್ಲದೆ ಹೇಳಿದಳು: “ಎಣಸಾಕ ಬಂದೀಯೇನೋ ತಮ್ಮಾ, ಬೇಡ್ಕೊಳ್ಳಾಕ ಬಂದೀ? ನಡಿ ಮುಂದ.” ಅದು ಬೈಗುಳವೆಂದೇ ಆಗ ತಿಳಿದೆ. ಈಗ ನೋಡಿದರೆ ಅದರಲ್ಲಿ ನನ್ನ ಪ್ರಶ್ನೆಗೆ ಸರಿಯಾದ ಉತ್ತರವಿತ್ತು. ಆ ಏಳು ಎಣಿಕೆಗೆ ಇಟ್ಟದ್ದಲ್ಲ. ನೀನು ನಿಂತ ಕಡೆಯಿಂದ ಈ ಗುಡ್ಡ ಪೂರ್ತಿ ಕಾಣುವುದಿಲ್ಲ, ನೀನು ಕಂಡದ್ದಕ್ಕಿಂತ ಅದು ಆಳವಾಗಿದೆ ಎಂದು ತಿಳಿಸಲು ಇಟ್ಟದ್ದು.

ಸಪ್ತಮಾತೃಕೆಯರ ಕಲ್ಲು ನೋಡುವಾಗಲೂ ಇದೇ ಮಾತು ನೆನಪಾಗುತ್ತದೆ. ಬಾದಾಮಿಯ ಚಾಲುಕ್ಯರು ತಾವು ಏಳು ತಾಯಂದಿರ ಪಾಲನೆಯಲ್ಲಿ ಬೆಳೆದವರೆಂದು ಶಾಸನಗಳಲ್ಲಿ ಹೇಳಿಕೊಂಡರು. ಐಹೊಳೆಯ ರಾವಣಫಡಿಯಲ್ಲಿ ಆ ತಾಯಂದಿರು ಶಿವನ ಜೊತೆ ಕುಣಿಯುತ್ತಿದ್ದಾರೆ. ನಮ್ಮ ಸೀಮೆಯ ಹಳೆಯ ಗುಡಿಗಳಲ್ಲಿ ಕಾಣುವ ಚಿಕ್ಕ ಫಲಕಗಳಲ್ಲಿ ಬ್ರಾಹ್ಮಿಯಿಂದ ಚಾಮುಂಡಿಯವರೆಗೆ ಏಳು ಹೆಣ್ಣುಗಳಿದ್ದರೆ, ಒಂದು ತುದಿಗೆ ವೀರಭದ್ರ, ಇನ್ನೊಂದು ತುದಿಗೆ ಗಣಪತಿ ಕೂತಿರುತ್ತಾರೆ. ಕಲ್ಲಿನ ಮೇಲೆ ಒಂಬತ್ತು ಮೂರ್ತಿ. ಹೆಸರು ಮಾತ್ರ ಏಳರದು. ಕೆಲವು ಪುರಾಣಗಳು ತಾಯಂದಿರು ಎಂಟು ಮಂದಿ ಎನ್ನುತ್ತವೆ, ನೇಪಾಳದಲ್ಲಿ ಪೂಜೆಗೊಳ್ಳುವವರೂ ಎಂಟು ಮಂದಿಯೇ. ಸಂಖ್ಯೆ ಮೊದಲು ಬಂತೋ ತಾಯಂದಿರು ಮೊದಲು ಬಂದರೋ ಎಂದು ಕೇಳಬೇಕಾಗುತ್ತದೆ.

ಮನುಷ್ಯನ ಮನಸ್ಸಿಗೆ ಏಳಿನ ಮೇಲಿರುವ ಈ ಒಲವನ್ನು ಅಳೆಯಲು ಹೊರಟವರಿದ್ದಾರೆ. 1976ರಲ್ಲಿ ಮೈಕೆಲ್ ಕುಬೋವಿ ಮತ್ತು ಜೋಸೆಫ್ ಸಾಟ್ಕಾ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಸಂಶೋಧನೆ ಪ್ರಕಟಿಸಿದರು. ತಟ್ಟನೆ ತೋಚಿದ ಒಂದಂಕಿಯ ಸಂಖ್ಯೆ ಹೇಳಿ ಎಂದರೆ ಜನ ಬೇರೆಲ್ಲ ಸಂಖ್ಯೆಗಿಂತ ಹೆಚ್ಚಾಗಿ ಏಳನ್ನೇ ಹೇಳುತ್ತಾರೆ. ಕಾರಣ ಹುಡುಕಲು ಕೈಬೆರಳುಗಳಷ್ಟು ಸಂಖ್ಯೆ ಸಾಕು. ಎರಡು, ಮೂರು, ನಾಲ್ಕು, ಐದು, ಇವುಗಳ ಇಮ್ಮಡಿ ಹತ್ತರೊಳಗೇ ಸಿಗುತ್ತದೆ. ಆರು, ಎಂಟು, ಒಂಬತ್ತು, ಹತ್ತು, ಇವು ಚಿಕ್ಕ ಸಂಖ್ಯೆಗಳ ಗುಣಾಕಾರದಿಂದ ಹುಟ್ಟುತ್ತವೆ. ಏಳು ಮಾತ್ರ ಯಾವುದರಿಂದಲೂ ಹುಟ್ಟುವುದಿಲ್ಲ, ಹತ್ತರೊಳಗೆ ಯಾವುದನ್ನೂ ಹೆರುವುದಿಲ್ಲ. ಗ್ರೀಸಿನಲ್ಲಿ ಪೈಥಾಗೊರಸನ ಅನುಯಾಯಿಗಳು ಇದೇ ಕಾರಣಕ್ಕೆ ಏಳನ್ನು ಕನ್ಯೆ ಅಥೀನಾ ದೇವಿಗೆ ಹೋಲಿಸಿದ್ದರು. ಯಾದೃಚ್ಛಿಕವಾಗಿ ಒಂದು ಸಂಖ್ಯೆ ಆರಿಸಬೇಕಾದವನು ಯಾರ ಹಂಗಿಗೂ ಬೀಳದ ಸಂಖ್ಯೆಯನ್ನು ಆರಿಸುತ್ತಾನೆ. ಆಣೆಯ ಲೆಕ್ಕಕ್ಕೆ ಏಳು ಬೇಡವಾದದ್ದೂ ಇದೇ ಗುಣದಿಂದ.

ಇನ್ನೊಂದು ಗುಣ ನೆನಪಿಗೆ ಸಂಬಂಧಿಸಿದ್ದು. ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ, ಒಮ್ಮೆಗೆ ಮನಸ್ಸು ಹಿಡಿದಿಟ್ಟುಕೊಳ್ಳುವ ಸಂಗತಿಗಳು ಸುಮಾರು ಏಳು, ಎರಡು ಹೆಚ್ಚು ಅಥವಾ ಎರಡು ಕಡಿಮೆ ಎಂದ. ಜಗತ್ತಿನ ಏಳುಗಳೆಲ್ಲ ಇದರಿಂದಲೇ ಹುಟ್ಟಿದವು ಎಂದು ಆಮೇಲೆ ಬಹಳ ಮಂದಿ ಬರೆದರು. ಮಿಲ್ಲರ್ ಅಷ್ಟು ದೂರ ಹೋಗಿರಲಿಲ್ಲ. ಪ್ರಬಂಧದ ಕೊನೆಯಲ್ಲಿ ಅವನೇ ಅದನ್ನು ಕಾಕತಾಳೀಯ ಇರಬಹುದೆಂದು ಶಂಕಿಸಿದ್ದ. 2001ರಲ್ಲಿ ನೆಲ್ಸನ್ ಕೊವನ್ ಹಳೆಯ ಪ್ರಯೋಗಗಳನ್ನೆಲ್ಲ ಮತ್ತೆ ಪರಿಶೀಲಿಸಿ, ನಿಜವಾದ ಮಿತಿ ಸುಮಾರು ನಾಲ್ಕು ಎಂದು ತೋರಿಸಿದ. ಲಗೋರಿ ಆಡಿದವರಿಗೆ ಇದು ಕಣ್ಣಿಗೇ ಗೊತ್ತು. ಮೂರು ಕಲ್ಲು, ನಾಲ್ಕು ಕಲ್ಲು ನಿಂತಿದ್ದರೆ ಎಣಿಸಬೇಕಿಲ್ಲ, ನೋಡಿದರೆ ತಿಳಿಯುತ್ತದೆ. ಏಳು ನಿಂತಿವೆಯೋ ಆರೋ ಎಂದು ತಿಳಿಯಲು ಮಾತ್ರ ಎಣಿಸಲೇಬೇಕು. ಕಣ್ಣಿನ ಹಿಡಿತ ತಪ್ಪಿದ ಮೇಲೆ, ಆದರೆ ಎಣಿಕೆ ಬೇಸರವಾಗುವ ಮುಂಚೆ ಏಳು ನಿಂತಿದೆ. ‘ಬಹಳ’ ಎನ್ನುವುದಕ್ಕೆ ಅದಕ್ಕಿಂತ ಚಿಕ್ಕ ಸಂಖ್ಯೆ ಸಾಲದು, ಅದಕ್ಕಿಂತ ದೊಡ್ಡದು ಬೇಕಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಏಳು ಮನುಷ್ಯನ ಮನಸ್ಸಿಗೆ ಸಹಜವಾದದ್ದು ಎಂದು ಒಪ್ಪಿ ಸುಮ್ಮನಿರಬಹುದು. ಆದರೆ ನಮ್ಮ ಸೀಮೆಯೇ ಅದಕ್ಕೆ ತಕರಾರು ತೆಗೆಯುತ್ತದೆ. ಇಲ್ಲಿನ ಬಹುಪಾಲು ಮನೆಗಳ ಧರ್ಮ ಪಂಚಾಚಾರ, ಷಟ್‌ಸ್ಥಲ, ಅಷ್ಟಾವರಣಗಳದು. ಐದು, ಆರು, ಎಂಟು. ನಡುವಿನ ಏಳನ್ನು ದಾಟಿ ಹೋದ ಲೆಕ್ಕ ಇದು. ಲಿಂಗಾಯತ ಮನೆಗಳ ಮದುವೆಯಲ್ಲಿ ಅಗ್ನಿ ಸುತ್ತುವುದಿಲ್ಲ, ಸಪ್ತಪದಿ ತುಳಿಯುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 7ನೆಯ ಕಲಂ ಕೂಡ ವಧೂವರರ ಕಡೆಯ ರೂಢಿಯಲ್ಲಿ ಸಪ್ತಪದಿ ಇದ್ದರೆ ಮಾತ್ರ ಏಳನೆಯ ಹೆಜ್ಜೆಗೆ ಮದುವೆ ಪೂರ್ಣ ಎನ್ನುತ್ತದೆ. ಹೆಜ್ಜೆ ಇಡದವರ ಮದುವೆ ಕಡಿಮೆಯದೇನಲ್ಲ. ಶರಣರಿಗೆ ಏಳು ಬೇಕಾಗಲಿಲ್ಲ, ಅವರ ಧರ್ಮಕ್ಕೆ ಅದರಿಂದ ಯಾವ ಕೊರತೆಯೂ ಆಗಲಿಲ್ಲ.

ಆಮೇಲೆ ಏನಾಯಿತು ನೋಡಿ. ಕಳವು, ಕೊಲೆ, ಸುಳ್ಳಿನಿಂದ ಶುರುವಾಗಿ ಪರನಿಂದೆಯವರೆಗೆ ‘ಬೇಡ’ಗಳನ್ನು ಹೇಳುವ ಬಸವಣ್ಣನವರ ವಚನ ನಮ್ಮ ಶಾಲೆಯ ಮಕ್ಕಳಿಗೆಲ್ಲ ಬಾಯಿಪಾಠ. ಅದರಲ್ಲಿ ‘ಬೇಡ’ಗಳು ಏಳು. ಬಸವಣ್ಣನವರು ಇವು ಏಳು ಎಂದು ವಚನದಲ್ಲಿ ಎಲ್ಲೂ ಹೇಳಿಲ್ಲ. ಅವರು ಹೇಳಬೇಕಾದದ್ದನ್ನು ಹೇಳಿ ನಿಲ್ಲಿಸಿದರು. ನಾವು ಕೂತು ಎಣಿಸಿದೆವು, ಏಳು ಬಂದ ಕೂಡಲೇ ಹಿಗ್ಗಿ ‘ಸಪ್ತಶೀಲ’ ಎಂದು ಹೆಸರಿಟ್ಟೆವು. ಆರು ಬಂದಿದ್ದರೆ ಈ ಹಿಗ್ಗು ಇರುತ್ತಿತ್ತೇ? ಐಸಾಕ್ ನ್ಯೂಟನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಪಟ್ಟಕದಲ್ಲಿ ಬೆಳಕನ್ನು ಒಡೆದು ಮೊದಲು ಐದು ಮುಖ್ಯ ಬಣ್ಣ ಎಂದವನು, ಸಂಗೀತದ ಏಳು ಸ್ವರಗಳಿಗೆ ಹೊಂದಿಸಲು ಕಿತ್ತಳೆಯನ್ನೂ ಊದಾನೀಲಿಯನ್ನೂ ಸೇರಿಸಿದ. ಬೆಣ್ಣೆಹಳ್ಳದ ಮೇಲೆ ಕಾಮನಬಿಲ್ಲು ಮೂಡಿದಾಗ ಅದರಲ್ಲಿ ಗೆರೆ ಕೊರೆದು ಬೇರೆಮಾಡಿದ ಏಳು ಪಟ್ಟಿ ಇರುವುದಿಲ್ಲ. ಒಂದು ಬಣ್ಣ ಇನ್ನೊಂದರೊಳಗೆ ಕರಗುತ್ತ ಹೋಗುತ್ತದೆ. ಏಳು ಎಂದು ಪಾಠ ಓದಿದ ಕಣ್ಣು ಏಳನ್ನು ಕಾಣುತ್ತದೆ.

ಹೀಗೆ ಸಂಖ್ಯೆಯನ್ನು ಮೊದಲು ಇಟ್ಟು ಸಂಗತಿಗಳನ್ನು ಅದರೊಳಗೆ ತುಂಬುವುದರಿಂದ ಕೆಲವೊಮ್ಮೆ ಏನೂ ಕೆಡುವುದಿಲ್ಲ. 2023ರಲ್ಲಿ ಕರ್ನಾಟಕದ ಏಳು ಅದ್ಭುತಗಳನ್ನು ಆರಿಸಿದಾಗ ಹಂಪಿ, ಗೋಳಗುಮ್ಮಟ, ಜೋಗ ಬಂದವು, ಬಾದಾಮಿಯ ಮೇಣಬಸದಿಗಳು ಹೊರಗುಳಿದವು. ಬಾದಾಮಿಗೆ ಅದರಿಂದ ನಷ್ಟವಿಲ್ಲ. ಆದರೆ ಕೆಲವು ಕಡೆ ಜೀವಕ್ಕೇ ಕೇಡಾಗುತ್ತದೆ. ಏಳು ತಿಂಗಳಿಗೆ ಹುಟ್ಟಿದ ಕೂಸು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂಬ ಮಾತನ್ನು ಬಾಣಂತಿಯ ಕೋಣೆಯ ಹೊರಗೆ ಹಿರಿಯರ ಬಾಯಲ್ಲಿ ಕೇಳಿದ್ದೇನೆ. ಇದೇ ಮಾತು ಹಿಪ್ಪೊಕ್ರೇಟಿಸನ ಹೆಸರಿನಲ್ಲಿ ಉಳಿದು ಬಂದ ಪ್ರಾಚೀನ ಗ್ರೀಕ್ ವೈದ್ಯಗ್ರಂಥಗಳಲ್ಲೂ ಇದೆ. ಎರಡೂ ಕಡೆ ತಪ್ಪೇ. ಬಸಿರಿನಲ್ಲಿ ಕಳೆದ ಒಂದೊಂದು ವಾರವೂ ಕೂಸಿನ ಶ್ವಾಸಕೋಶವನ್ನು ಬಲಪಡಿಸುತ್ತದೆ. ಎಂಟು ತಿಂಗಳು ತುಂಬಿದ ಕೂಸಿಗೆ ಏಳರ ಕೂಸಿಗಿಂತ ಬದುಕುವ ಅವಕಾಶ ಹೆಚ್ಚು. ಕಲಘಟಗಿಯ ಬಣ್ಣದ ತೊಟ್ಟಿಲು ಎಂಟರ ಕೂಸಿಗೂ ಸಲ್ಲಬೇಕು. ಎಂಟಕ್ಕೆ ಹುಟ್ಟಿದೆ ಎಂದು ಕೈಚೆಲ್ಲಿ ಕೂಡುವವರನ್ನು ಎಬ್ಬಿಸಿ ಆಸ್ಪತ್ರೆಗೆ ಕಳಿಸಬೇಕು.

ಹಾಗಾದರೆ ಏಳೆಲ್ಲ ನಾವು ಹೇರಿದ್ದೇ? ಹಾಗೂ ಹೇಳುವಂತಿಲ್ಲ. ಏಳು ತಾನಾಗಿ ಹುಟ್ಟಿಬರುವ ಎರಡು ಕಡೆ ನನಗೆ ಗೊತ್ತು. ಎರಡಕ್ಕೂ ನಮ್ಮ ಜಿಲ್ಲೆಯ ನಂಟಿದೆ.

ಒಂದು ಅಣ್ಣಿಗೇರಿ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಈ ಊರಿನ ಜೋಯಿಸ ಸಿಂಘನ ಮನೆತನದವಳು ಎಂದು ಪಂಪನ ತಮ್ಮ ಜಿನವಲ್ಲಭ ಕುರ್ಕ್ಯಾಲದ ಬಂಡೆಯ ಮೇಲೆ ಬರೆಸಿದ್ದಾನೆ. ಪಂಪ 941ರಲ್ಲಿ ಆದಿಪುರಾಣ ಬರೆದ. ಆ ಕಾವ್ಯದ ಹಿಂದಿರುವ ಜೈನ ದರ್ಶನದಲ್ಲಿ ಸಪ್ತಭಂಗಿ ಎಂಬ ವಿಚಾರಕ್ರಮವಿದೆ. ಯಾವುದೇ ವಸ್ತುವಿನ ಬಗ್ಗೆ ಒಂದು ದೃಷ್ಟಿಯಿಂದ ‘ಇದೆ’ ಎನ್ನಬಹುದು, ಇನ್ನೊಂದು ದೃಷ್ಟಿಯಿಂದ ‘ಇಲ್ಲ’ ಎನ್ನಬಹುದು, ಮತ್ತೊಂದು ದೃಷ್ಟಿಯಿಂದ ‘ಹೇಳಲಾಗದು’ ಎನ್ನಬಹುದು. ಇವು ಬಿಡಿಯಾಗಿ ಮೂರು, ಎರಡೆರಡು ಕೂಡಿದಾಗ ಮೂರು, ಮೂರೂ ಕೂಡಿದಾಗ ಒಂದು. ಒಟ್ಟು ಏಳು. ಎಂಟನೆಯದನ್ನು ಯಾರೂ ಸೇರಿಸಲಾರರು, ಆರಕ್ಕೆ ನಿಲ್ಲಿಸಲೂ ಆಗದು. ಇಲ್ಲಿ ಏಳು ಭಕ್ತಿಯಿಂದ ಬಂದದ್ದಲ್ಲ, ಮೂರು ಮಾತುಗಳನ್ನು ಪ್ರಾಮಾಣಿಕವಾಗಿ ಕೊನೆಯವರೆಗೂ ಬೆಸೆದು ನೋಡಿದ್ದರಿಂದ ಬಂದದ್ದು. ಮಾತಿಗೆ ಮಾತು ಬೆಳೆದು ಕಟ್ಟೆಯ ಮೇಲೆ ಜಗಳವಾಗುವಾಗೆಲ್ಲ ಈ ಏಳು ನೆನಪಾಗುತ್ತದೆ. ನಮ್ಮಲ್ಲಿ ಬಹುತೇಕ ಜಗಳಗಳು ಮೊದಲಿನ ಎರಡರಲ್ಲೇ ಮುಗಿದುಹೋಗುತ್ತವೆ.

ಇನ್ನೊಂದು ಕುಂದಗೋಳ. ಕಿರಾಣಾ ಘರಾಣೆಯ ಸವಾಯಿ ಗಂಧರ್ವರ ಊರು ಅದು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡದ್ದು ಇಲ್ಲಿ, ಭೀಮಸೇನ ಜೋಶಿ ಗುರುವಿನ ಮನೆಯಲ್ಲೇ ಇದ್ದು ಕಲಿತದ್ದೂ ಇಲ್ಲಿ. ಗುರುಗಳ ನೆನಪಿನ ಸಂಗೀತೋತ್ಸವ ನಾಡಿಗೇರ ವಾಡೆಯಲ್ಲಿ ನಡೆಯುತ್ತದೆ. ತಂಬೂರಿಯಲ್ಲಿ ಷಡ್ಜ ಮಿಡಿದಾಗ ಅದಕ್ಕೆ ಹತ್ತಿರದ ನಂಟನಾಗಿ ಕಿವಿಗೆ ಸಿಗುವುದು ಪಂಚಮ. ಆ ಪಂಚಮವನ್ನೇ ಷಡ್ಜವೆಂದುಕೊಂಡು ಅದರ ಪಂಚಮ ಹುಡುಕಿದರೆ ರಿಷಭ ಸಿಗುತ್ತದೆ. ರಿಷಭದಿಂದ ಧೈವತ, ಧೈವತದಿಂದ ಗಾಂಧಾರ. ಇಲ್ಲಿಗೆ ಐದು ಸ್ವರ. ಒಂದು ಸಪ್ತಕದೊಳಗೆ ಸಾಲಾಗಿ ಇಟ್ಟರೆ ಅದೇ ಭೂಪ ರಾಗದ ಸ್ವರಸಾಲು. ಇನ್ನೆರಡು ಹೆಜ್ಜೆ ಇಟ್ಟರೆ ನಿಷಾದ, ತೀವ್ರ ಮಧ್ಯಮ. ಏಳಾಯಿತು, ಯಮನ್ ರಾಗದ ಸ್ವರಗಳು ಬಂದವು. ಐದರಲ್ಲಿ ಮತ್ತು ಏಳರಲ್ಲಿ ನಿಂತಾಗ ಸ್ವರಗಳ ನಡುವಿನ ಅಂತರ ಎರಡೇ ಬಗೆಯದಾಗಿರುತ್ತದೆ. ಆರರಲ್ಲಿ ನಿಂತರೆ ಮೂರು ಬಗೆಯಾಗಿ ಕಿವಿ ಮುಗ್ಗರಿಸುತ್ತದೆ. ಮುಂದೆ ಹನ್ನೆರಡರಲ್ಲಿ ಮತ್ತೆ ಒಂದು ನಿಲುಗಡೆ ಇದೆ. ಹಾಗಾಗಿ ಸಪ್ತಕದ ಏಳಕ್ಕೆ ಗಟ್ಟಿ ಕಾರಣವುಂಟು. ಆದರೂ ಅದು ಒಂದೇ ನಿಲುಗಡೆಯಲ್ಲ. ಐದೇ ಸ್ವರದ ಮಾಲಕಂಸ ನಡುರಾತ್ರಿ ಕೇಳಿದವರಿಗೆ ಉಳಿದೆರಡು ಸ್ವ‌ರ ನೆನಪಿಗೂ ಬರುವುದಿಲ್ಲ.

ಅಣ್ಣಿಗೇರಿಯ ಆ ಜೋಯಿಸನ ಕೈಯಲ್ಲಿ ಇನ್ನೊಂದು ಏಳು ಇತ್ತು. ಅದು ವಾರ. ನಮ್ಮ ಬದುಕನ್ನು ಉಳಿದ ಏಳುಗಳಿಗಿಂತ ಹೆಚ್ಚು ಆಳಿದ್ದು ಅದೇ. ಬರಿಗಣ್ಣಿಗೆ ಆಕಾಶದಲ್ಲಿ ಚಲಿಸುವಂತೆ ಕಾಣುವ ಜ್ಯೋತಿಗಳು ಏಳು: ಸೂರ್ಯ, ಚಂದ್ರ, ಐದು ಗ್ರಹಗಳು. ನಿಧಾನದಿಂದ ವೇಗದ ಕಡೆಗೆ ಇಟ್ಟರೆ ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ. ದಿನದ 24 ಹೋರೆಗಳನ್ನು ಈ ಸರದಿಯಲ್ಲಿ ಹಂಚಿದರೆ ಮೂರು ಸುತ್ತು ಮುಗಿದು ಮೂರು ಹೋರೆ ಮಿಗುತ್ತವೆ. ಹಾಗಾಗಿ ಮರುದಿನದ ಮೊದಲ ಹೋರೆ ಮೂರು ಸ್ಥಾನ ಮುಂದಿರುವ ಗ್ರಹಕ್ಕೆ ಹೋಗುತ್ತದೆ. ಶನಿಯ ಮರುದಿನ ರವಿ, ರವಿಯ ಮರುದಿನ ಚಂದ್ರ, ಆಮೇಲೆ ಕುಜ. ವಾರದ ಸಾಲು ಹುಟ್ಟಿದ್ದು ಹೀಗೆ. ಬಾಬಿಲೋನಿಯಾ, ಗ್ರೀಸಿನ ಖಗೋಳ ಲೆಕ್ಕದ ಜೊತೆ ಇದು ನಮ್ಮಲ್ಲಿಗೆ ಬಂತು. ಕಾಲ ಖಚಿತವಾಗಿರುವ ಭಾರತದ ಶಾಸನಗಳಲ್ಲಿ ವಾರದ ಹೆಸರು ಮೊದಲು ಕಾಣುವುದು ಬುಧಗುಪ್ತನ ಎರಾನ್ ಶಾಸನದಲ್ಲಿ, 484ರಲ್ಲಿ. ಅಂದು ಗುರುವಾರ. ಮುಂದೆ ರಾಹು ಕೇತುಗಳು ಸೇರಿ ಗ್ರಹಗಳು ಒಂಬತ್ತಾದವು, ವಾರ ಮಾತ್ರ ಏಳಕ್ಕೇ ನಿಂತಿತು.

ವಾರದ ವಿಶೇಷ ಏನೆಂದರೆ ಅದು ಯಾವುದಕ್ಕೂ ಹೊಂದುವುದಿಲ್ಲ. ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನ, ವರ್ಷಕ್ಕೆ 365. ಎರಡೂ ಏಳರ ಲೆಕ್ಕಕ್ಕೆ ಸಿಗವು. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ರೈತ ಲೆಕ್ಕ ಹಾಕುವ ಮಳೆಗಳು ಸೂರ್ಯನನ್ನು ಅನುಸರಿಸುತ್ತವೆ, ಒಂದೊಂದಕ್ಕೆ 13-14 ದಿನ. ಭಾರತ ಹುಣ್ಣಿಮೆ, ಕಾರಹುಣ್ಣಿಮೆ ಚಂದ್ರನನ್ನು ಅನುಸರಿಸುತ್ತವೆ. ತಲೆ ಎತ್ತಿ ನೋಡಿದರೆ ಇಂದು ಯಾವ ತಿಥಿ ಎಂದು ಅಂದಾಜು ಮಾಡಬಹುದು. ಇಂದು ಸೋಮವಾರವೋ ಮಂಗಳವಾರವೋ ಎಂಬುದಕ್ಕೆ ಆಕಾಶದಲ್ಲಿ ಗುರುತಿಲ್ಲ. ಅದು ಮನುಷ್ಯರು ಒಬ್ಬರಿಗೊಬ್ಬರು ಹೇಳಿಕೊಂಡು, ನೆನಪಿಟ್ಟು, ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ ಒಪ್ಪಂದ. ಸಂತೆ ಕೂಡುವುದು ಆ ಒಪ್ಪಂದದ ಬಲದಿಂದ.

ಆ ಒಪ್ಪಂದದ ಒಳಗೆ ನಮ್ಮ ಭಾಗದ ಒಕ್ಕಲು ಮಂದಿ ಇನ್ನೊಂದು ಒಪ್ಪಂದ ಮಾಡಿಕೊಂಡರು. ಸೋಮವಾರ ಎತ್ತು ಹೂಡುವುದಿಲ್ಲ. ಎತ್ತು ಬಸವಣ್ಣ, ಸೋಮವಾರ ಶಿವನ ದಿನ. ಅಂದು ನೊಗಕ್ಕೆ ಕೊರಳು ಕೊಡುವ ಕೆಲಸ ಅದಕ್ಕಿಲ್ಲ. ಇದು ಹೇಳಲು ಸುಲಭ, ನಡೆಸಲು ಕಷ್ಟ ಎಂಬುದು ಎರೆಮಣ್ಣು ಗೊತ್ತಿದ್ದವರಿಗೆ ತಿಳಿಯುತ್ತದೆ. ಈ ಮಣ್ಣಿನಲ್ಲಿ ಮಳೆಯಾದ ಮೇಲೆ ಬಿತ್ತುವ ಹದ ಬಹಳ ದಿನ ನಿಲ್ಲದು. ಹಸಿ ಇದ್ದಾಗ ಕಾಲಿಡಲು ಬರುವುದಿಲ್ಲ, ಒಣಗಿದರೆ ಬಿರುಕು ಬಿಟ್ಟು ಕೂರಿಗೆ ಇಳಿಯುವುದಿಲ್ಲ. ಹೆಸರು ಬಿತ್ತುವ ಹಂಗಾಮಿನಲ್ಲಿ ಹದ ಸರಿಯಾಗಿ ಸೋಮವಾರವೇ ಬಂದರೆ? ನಮ್ಮ ಮನೆಯಲ್ಲಿ ಅಂಥ ಒಂದು ಸೋಮವಾರ ಕಾಕಾ ಎತ್ತು ಹೂಡೋಣ ಎಂದು ಹಟ ಹಿಡಿದಿದ್ದ. ಅಜ್ಜ ಕೊಟ್ಟಿಗೆಯ ಬಾಗಿಲಿಗೆ ಕುಳಿತು, “ಅದಕ್ಕೂ ಒಂದು ದಿನ ಬ್ಯಾಡೇನೋ? ನಾಳಿ ಮುಂಜಾನಿ ಲಗೂನ ಎದ್ದು ಹೂಡು” ಎಂದ. ಅಂದು ಎತ್ತು ಏಳಲಿಲ್ಲ. ಹದ ಸ್ವಲ್ಪ ತಪ್ಪಿತು, ಮೂಲೆಯ ಹೊಲದಲ್ಲಿ ಬೀಜ ತೆಳ್ಳಗೆ ಹುಟ್ಟಿತು. ಆ ನಷ್ಟ ಅಜ್ಜನಿಗೆ ಗೊತ್ತಿತ್ತು, ಗೊತ್ತಿದ್ದೇ ಕುಳಿತಿದ್ದ.

ಏಳಿನ ಬಗ್ಗೆ ನಾನು ಓದಿದ ಯಾವ ವಿವರಣೆಗಿಂತಲೂ ಆ ಸೋಮವಾರ ನನಗೆ ಹೆಚ್ಚು ತಿಳಿಸಿತು. ಆರು ದಿನ ಪಾಲಿಗೆ ಬರುತ್ತವೆ. ಮೂರು ಮೂರು ಮಾಡಬಹುದು, ಎರಡೆರಡು ಮಾಡಬಹುದು, ಮುಯ್ಯಾಳು ಲೆಕ್ಕದಲ್ಲಿ ಇವರ ಹೊಲಕ್ಕಿಷ್ಟು ಅವರ ಹೊಲಕ್ಕಿಷ್ಟು ಎಂದು ಹಂಚಬಹುದು. ಏಳನೆಯದು ಮಿಗುತ್ತದೆ. ಮಿಕ್ಕಿದ್ದನ್ನು ಯಾರ ಪಾಲಿಗೂ ಸೇರಿಸದೆ ಬಿಟ್ಟುಬಿಡಬೇಕು ಎಂದು ನಮ್ಮ ಹಿರಿಯರು ತೀರ್ಮಾನಿಸಿದರು. ಮಿಕ್ಕ ದಿನ ಮಾತಿಲ್ಲದ ಪ್ರಾಣಿಗೆ ಸಿಕ್ಕಿತು. ಸಪ್ತಾಹದ ಭಜನೆಯಲ್ಲಿ, ಏಳು ಕೊಳ್ಳದಲ್ಲಿ, ಏಳು ಜನ್ಮದಲ್ಲಿ ನಾವು ಬಾಯಿಮಾತಿನಲ್ಲಿ ಕೊಡುವ ಗೌರವವನ್ನು ಈ ಒಂದು ಕಡೆ ನಷ್ಟ ಹೊತ್ತು ಕೊಟ್ಟರು. ಅದಕ್ಕಾಗಿ ಎಲ್ಲ ಏಳುಗಳಲ್ಲಿ ಇದು ನನಗೆ ದೊಡ್ಡದು.

ಮನುಷ್ಯರಿಗೆ ಬಿಡುವಿನ ದಿನ ಇಷ್ಟು ಸುಲಭಕ್ಕೆ ಸಿಗಲಿಲ್ಲ. ಧಾರವಾಡ ಆಗ ಸೇರಿದ್ದ ಮುಂಬೈ ಪ್ರಾಂತದಲ್ಲಿ ಗಿರಣಿಯ ಕೂಲಿಕಾರರಿಗೆ ವಾರದ ರಜೆ ಇರಲಿಲ್ಲ. ಜೋತಿಬಾ ಫುಲೆಯವರ ಸಂಗಡಿಗ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿ, ಭಾನುವಾರ ಖಂಡೋಬನ ದಿನವೂ ಹೌದು ಎಂದು ವಾದಿಸಿ, 1890ರ ಜೂನ್ 10ರಂದು ರಜೆ ಗಿಟ್ಟಿಸಿದರು. ಆ ಖಂಡೋಬ ನಮ್ಮ ಮೈಲಾರಲಿಂಗನೇ. ಕ್ರಾಂತಿಯ ಫ್ರಾನ್ಸ್ 1793ರಲ್ಲಿ ಲೆಕ್ಕಕ್ಕೆ ಸರಳವೆಂದು ಹತ್ತು ದಿನದ ವಾರ ತಂದಿತು. ದುಡಿಯುವವರಿಗೆ ಬಿಡುವಿನ ದಿನಗಳು ಕಡಿಮೆಯಾದವು, ಆ ಪಂಚಾಂಗವೇ 1806ರ ಹೊತ್ತಿಗೆ ಬಿದ್ದುಹೋಯಿತು. ಸೋವಿಯತ್ ರಷ್ಯಾ 1929ರಿಂದ ಐದು ದಿನದ, ಆರು ದಿನದ ವಾರಗಳನ್ನು ಪ್ರಯೋಗಿಸಿ 1940ರಲ್ಲಿ ಏಳಕ್ಕೇ ಮರಳಿತು. ಇದರಲ್ಲಿ ಏಳಿನ ಮಹಿಮೆಗಿಂತ ಜನರ ಹಟ ಹೆಚ್ಚು ಕಾಣುತ್ತದೆ. ಒಮ್ಮೆ ಕೈಗೆ ಬಂದ ಬಿಡುವಿನ ದಿನವನ್ನು ಯಾರೂ ಬಿಟ್ಟುಕೊಡುವುದಿಲ್ಲ.

ಈಗ ನಮ್ಮ ಊರುಗಳಲ್ಲಿ ಎತ್ತುಗಳು ಕಡಿಮೆಯಾಗಿವೆ. ಟ್ರ್ಯಾಕ್ಟರಿಗೆ ಸೋಮವಾರವಿಲ್ಲ. ಬಾಡಿಗೆಗೆ ಸಿಕ್ಕ ದಿನ ಹೊಲಕ್ಕೆ ಇಳಿಯುತ್ತದೆ, ಅದರ ಹಿಂದೆ ಆಳುಗಳೂ ಇಳಿಯಬೇಕು. ನವಲಗುಂದದ ಕಡಲೆ ಹೊಲದಲ್ಲಿ, ಕುಂದಗೋಳದ ಮೆಣಸಿನಕಾಯಿ ಹೊಲದಲ್ಲಿ, ಕಲಘಟಗಿಯ ಗೋವಿನಜೋಳದ ಹೊಲದಲ್ಲಿ ಕಳೆ ತೆಗೆಯುವ, ಕಾಯಿ ಬಿಡಿಸುವ ಹೆಣ್ಣಾಳಿಗೆ ಎತ್ತಿಗಿದ್ದ ದಿನ ಎಂದೂ ಇರಲಿಲ್ಲ. ಆಕೆ ಒಂದು ದಿನ ಮನೆಯಲ್ಲಿ ಉಳಿದರೆ ಅಂದಿನ ಕೂಲಿ ಹೋಗುತ್ತದೆ. ನಾವು ಬಸವಣ್ಣನ ಹೆಸರಿನಲ್ಲಿ ಎತ್ತಿಗೆ ಬಿಡುವು ಕೊಟ್ಟೆವು, ಬಸವಣ್ಣನವರು ಯಾರ ಪರ ನಿಂತು ಮಾತಾಡಿದರೋ ಅವರನ್ನು ಮರೆತೆವು. ನಮ್ಮ ಸೀಮೆಯ ಬಗ್ಗೆ ನನಗಿರುವ ದೊಡ್ಡ ಸಂಕಟ ಇದು.

1948ರ ಕನಿಷ್ಠ ವೇತನ ಕಾಯ್ದೆಯ 13ನೆಯ ಕಲಂ ಏಳು ದಿನಕ್ಕೆ ಒಂದು ವಿಶ್ರಾಂತಿಯ ದಿನ ಮತ್ತು ಆ ದಿನಕ್ಕೂ ಕೂಲಿ ಗೊತ್ತುಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ಆ ಕಾಯ್ದೆಯ ಪಟ್ಟಿಯಲ್ಲಿ ಕೃಷಿಯೂ ಇತ್ತು. ಸೋಮವಾರ ಎತ್ತು ಹೂಡದ ಮನೆಗಳು ಇನ್ನೂ ನಮ್ಮಲ್ಲಿವೆ. ಆ ಮನೆಗಳವರೇ ಮುಂದಾಗಿ ತಮ್ಮ ಹೊಲಕ್ಕೆ ಆರು ದಿನ ಬಂದ ಹೆಣ್ಣಾಳಿಗೆ ಏಳನೆಯ ದಿನದ ಕೂಲಿ ಕೊಟ್ಟು ಮನೆಗೆ ಕಳಿಸಲಿ. ಬರುವ ಮುಂಗಾರಿಗೆ ಮೊದಲಿನ ಗ್ರಾಮಸಭೆಯಲ್ಲಿ ಈ ಮಾತನ್ನು ಯಾರಾದರೂ ಒಬ್ಬರು ಎತ್ತಲಿ. ನೀವು ಇದನ್ನು ಓದುತ್ತಿದ್ದು, ನಿಮ್ಮದೂ ಹೊಲವಿದ್ದರೆ, ಆ ಒಬ್ಬರು ನೀವಾಗಬಹುದು.